ದಿಯು ಬಂದರಿನ ಕಾಳಗ: ಹೊಸಬರಿಗೊಂದು ಪರಿಚಯ

ನೀಲಿ ನೀರಿನ ನೀತಿಯನ್ನು ಜಾರಿಗೆ ತಂದವರು ಯಾರು? ಶಾಲೆಯಲ್ಲಿ ಈ ಒಂದು ಅಂಕದ ಪ್ರಶ್ನೆಗೆ ನೀವೂ ಉತ್ತರ ಬರೆದಿರಬಹುದು. ಫ್ರಾನ್ಸಿಸ್ಕೊ ಡಿ ಅಲ್ಮೇಡಾ. ಅಂಕ ಬಂತು, ಪುಟ ಮಗುಚಿತು. ಆ ನೀರು ಯಾವ ಕಡಲಿನದು, ಆ ನೀತಿಯಿಂದ ಯಾರಿಗೆ ಏನಾಯಿತು ಎಂದು ಕೇಳುವಷ್ಟರಲ್ಲಿ ಗಂಟೆ ಹೊಡೆದಿರುತ್ತದೆ. ಬಹಳ ವರ್ಷ ಈ ಪಾಠ ಮಾಡಿದ ನಾನೂ ಆ ಗಂಟೆಗೆ ತಲೆಬಾಗಿದವನೇ. ಇಂದು ಗಂಟೆಯ ಹಂಗಿಲ್ಲ. ಆ ಒಂದು ಅಂಕದ ಹಿಂದಿರುವ ಕಡಲ ಕಾಳಗವನ್ನು ನಿಧಾನವಾಗಿ, ಬುಡದಿಂದ ನೋಡೋಣ. ನಿಮಗೆ ಇತಿಹಾಸ ಗೊತ್ತಿರಬೇಕಾಗಿಲ್ಲ, ಹಡಗಿನ ವಿಷಯವಂತೂ ಬೇಡವೇ ಬೇಡ. ಒಂದು ಅಟ್ಲಾಸ್ ಪಕ್ಕದಲ್ಲಿದ್ದರೆ ಸಾಕು.

ಕಾಳಗ ನಡೆದದ್ದು 1509ರ ಫೆಬ್ರವರಿ 3ರಂದು, ದಿಯು ಎಂಬ ಬಂದರಿನಲ್ಲಿ. ಅಟ್ಲಾಸಿನಲ್ಲಿ ಗುಜರಾತಿನ ಪುಟ ತೆಗೆಯಿರಿ. ಅರಬ್ಬೀ ಸಮುದ್ರಕ್ಕೆ ಮೂಗು ಚಾಚಿದಂತೆ ಕಾಣುವ ಭಾಗವೇ ಸೌರಾಷ್ಟ್ರ. ಅದರ ದಕ್ಷಿಣ ಅಂಚಿನಲ್ಲಿ, ನೆಲಕ್ಕೆ ಅಂಟಿಕೊಂಡೇ ಇದೆಯೇನೋ ಎನ್ನುವಂತೆ, ಒಂದು ಸಣ್ಣ ದ್ವೀಪವಿದೆ. ಅದೇ ದಿಯು. ಸುಮಾರು 40 ಚದರ ಕಿಲೋಮೀಟರ್ ಇರಬಹುದು. ದ್ವೀಪಕ್ಕೂ ನೆಲಕ್ಕೂ ನಡುವೆ ಕಿರಿದಾದ ಒಂದು ಕಾಲುವೆ. ಕಡಲ ಅಬ್ಬರದಿಂದ ಮರೆಯಾದ ಆ ನೀರಿನಲ್ಲಿ ಹಡಗುಗಳು ನಿಶ್ಚಿಂತೆಯಿಂದ ಲಂಗರು ಹಾಕಬಹುದಿತ್ತು.

ಇಷ್ಟು ಸಣ್ಣ ಜಾಗಕ್ಕೆ ಅಷ್ಟು ಬೆಲೆ ಬಂದದ್ದು ಏಕೆ? ದಿಯುವಿನ ಪೂರ್ವಕ್ಕೆ ಖಂಬಾತ್ ಕೊಲ್ಲಿ ಒಳಗೆ ಸರಿಯುತ್ತದೆ. ಗುಜರಾತಿನ ಹತ್ತಿಬಟ್ಟೆ ಹೊರಲೋಕಕ್ಕೆ ಹೋಗುತ್ತಿದ್ದುದು ಆ ಕೊಲ್ಲಿಯಿಂದ. ಆದರೆ ಕೊಲ್ಲಿಯ ಒಳಗೆ ಮರಳದಿಬ್ಬಗಳು ಹೆಚ್ಚು, ಭರತ ಇಳಿತಗಳ ರಭಸವೂ ಹೆಚ್ಚು. ದೊಡ್ಡ ಹಡಗಿಗೆ ಅಲ್ಲಿ ಭಯ. ಕೊಲ್ಲಿಯ ಬಾಗಿಲಲ್ಲೇ ಇರುವ ದಿಯು ಹಾಗಾಗಿ ಅನುಕೂಲದ ತಾಣವಾಯಿತು. ಪಶ್ಚಿಮಕ್ಕೆ ಹೊರಟರೆ ಏಡನ್, ಹೊರ್ಮುಜ್. ದಕ್ಷಿಣಕ್ಕೆ ಇಳಿದರೆ ಗೋವಾ, ಭಟ್ಕಳ, ಕಲ್ಲಿಕೋಟೆ. ನಾಲ್ಕು ರಸ್ತೆ ಕೂಡುವ ಜಾಗದಲ್ಲಿ ಸಂತೆ ತಾನಾಗಿ ನೆರೆಯುವಂತೆ, ನೀರದಾರಿಗಳು ಕೂಡುವಲ್ಲಿ ಬಂದರು ಬೆಳೆಯಿತು. ಸಂತೆ ಬೆಳೆದಲ್ಲಿ ಸುಂಕವೂ ಬೆಳೆಯುತ್ತದೆ. ಯುದ್ಧದ ಕಥೆ ಕೇಳುವಾಗ ಕತ್ತಿಯ ಸದ್ದಿಗಿಂತ ಮೊದಲು ಸುಂಕದಕಟ್ಟೆಯ ಸದ್ದಿಗೆ ಕಿವಿಗೊಡಿ ಎಂದು ನನ್ನ ವಿದ್ಯಾರ್ಥಿಗಳಿಗೆ ಹೇಳುತ್ತಿದ್ದೆ. ನಿಮಗೂ ಅದನ್ನೇ ಹೇಳುತ್ತೇನೆ.

ಈ ಕಥೆಯ ಮೊದಲ ಅಡಿಪಾಯ ಈ ಜಾಗ. ಎರಡನೆಯದು ಗಾಳಿ. ಹಾಯಿ ಹಡಗಿಗೆ ಎಂಜಿನ್ ಇಲ್ಲ, ಗಾಳಿ ಬೀಸಿದತ್ತ ಅದರ ಪಯಣ. ನಮ್ಮ ಮುಂಗಾರು ನೈರುತ್ಯದಿಂದ ಬೀಸುತ್ತದೆ. ಅದರ ಕೊನೆಯ ದಿನಗಳಲ್ಲಿ ಅರಬ್ಬೀ ಕಡೆಯ ಹಡಗುಗಳು ಭಾರತಕ್ಕೆ ಬರುತ್ತಿದ್ದವು. ಚಳಿಗಾಲದಲ್ಲಿ ಗಾಳಿ ಈಶಾನ್ಯದಿಂದ ಬೀಸತೊಡಗಿದಾಗ ಸರಕು ತುಂಬಿಕೊಂಡು ಹಿಂದಿರುಗುತ್ತಿದ್ದವು. ಯಾವ ತಿಂಗಳಲ್ಲಿ ಯಾವ ಹಡಗು ಎಲ್ಲಿರುತ್ತದೆ ಎಂಬುದು ಹೆಚ್ಚುಕಡಿಮೆ ಪಂಚಾಂಗದಷ್ಟೇ ಖಚಿತ. ವ್ಯಾಪಾರಿಗೆ ಇದು ವರ. ಕಾದು ಕುಳಿತು ದೋಚುವವನಿಗೂ ವರವೇ.

ಮೂರನೆಯದು ಮೆಣಸಿನ ದಾರಿ. ಮಲಬಾರಿನ ಕರಿಮೆಣಸು ಅರಬ್ಬೀ ಸಮುದ್ರ ದಾಟಿ ಕೆಂಪು ಸಮುದ್ರ ಸೇರುತ್ತಿತ್ತು. ಅಲ್ಲಿಂದ ಒಂಟೆಗಳ ಮೇಲೆ ಕೈರೊ ಕಡೆಗೆ, ಬಳಿಕ ಅಲೆಕ್ಸಾಂಡ್ರಿಯಾ ಬಂದರಿಗೆ. ಅಲ್ಲಿ ಕಾದಿರುತ್ತಿದ್ದವರು ಇಟಲಿಯ ವೆನಿಸ್ ನಗರದ ವರ್ತಕರು. ಯುರೋಪಿಗೆ ಮೆಣಸು ಹಂಚುತ್ತಿದ್ದವರು ಅವರು. ಪ್ರತಿ ಮೆಟ್ಟಿಲಲ್ಲೂ ಸುಂಕ, ಪ್ರತಿ ಮೆಟ್ಟಿಲಲ್ಲೂ ಲಾಭ. ಈಜಿಪ್ಟಿನ ಸುಲ್ತಾನನ ಬೊಕ್ಕಸಕ್ಕೆ ಇದು ದೊಡ್ಡ ಆಸರೆ.

1498ರಲ್ಲಿ ಪೋರ್ಚುಗಲ್ಲಿನ ವಾಸ್ಕೋ ಡ ಗಾಮ ಆಫ್ರಿಕಾವನ್ನು ಸುತ್ತಿ ಕಲ್ಲಿಕೋಟೆಯ ಬಳಿ ಬಂದಿಳಿದಾಗ ಈ ಮೆಟ್ಟಿಲುಗಳೆಲ್ಲ ಅಲುಗಿದವು. ಪೋರ್ಚುಗೀಸರು ಅಗ್ಗದ ದಾರಿ ಹುಡುಕಿದ್ದರಿಂದಷ್ಟೇ ಆದದ್ದಲ್ಲ ಇದು. ಅವರು ಇನ್ನೊಂದು ಹೊಸ ಪದ್ಧತಿ ತಂದರು. ಅದರ ಹೆಸರು ಕರ್ತಾಜ್, ಅಂದರೆ ರಹದಾರಿ ಚೀಟಿ. ಅರಬ್ಬೀ ಸಮುದ್ರದಲ್ಲಿ ಯಾವ ಹಡಗು ಹೋಗಬೇಕಾದರೂ ಪೋರ್ಚುಗೀಸರಿಂದ ಈ ಚೀಟಿ ಪಡೆಯಬೇಕು. ಇಲ್ಲವಾದರೆ ಹಡಗೂ ಸರಕೂ ಅವರ ಪಾಲು. ಇಲ್ಲಿ ಸ್ವಲ್ಪ ನಿಂತು ಯೋಚಿಸಿ. ಬಂದರಿಗೆ ಬಂದವನಿಂದ ಸುಂಕ ಎತ್ತುವುದು ಎಲ್ಲ ರಾಜರಿಗೂ ಗೊತ್ತಿತ್ತು. ನಡುಗಡಲಲ್ಲಿ ಹೋಗುವವನನ್ನು ತಡೆದು ಚೀಟಿ ಕೇಳುವ ಕ್ರಮ ಈ ನೀರಿಗೆ ಹೊಸದು. ಕಡಲು ತಮ್ಮದೆಂದು ಹೇಳುವ ಜನ ಇಲ್ಲಿಗೆ ಮೊದಲ ಬಾರಿ ಬಂದಿದ್ದರು.

ಈಗ ಪಾತ್ರಧಾರಿಗಳನ್ನು ಪರಿಚಯಿಸುತ್ತೇನೆ. ಒಂದು ಕಡೆ ಅಲ್ಮೇಡಾ. 1505ರಲ್ಲಿ ಭಾರತಕ್ಕೆ ಬಂದ ಪೋರ್ಚುಗೀಸರ ಮೊದಲ ವೈಸರಾಯ್, ಅಂದರೆ ದೂರದ ರಾಜನ ಪರವಾಗಿ ಆಳುವವನು. ಇನ್ನೊಂದು ಕಡೆ ಈಜಿಪ್ಟಿನ ಮಮ್ಲೂಕ್ ಸುಲ್ತಾನ ಖಾನ್ಸೂ ಅಲ್ ಘೌರಿ. ಮಮ್ಲೂಕ್ ಎಂದರೆ ಒಡೆತನಕ್ಕೆ ಒಳಪಟ್ಟವನು, ಗುಲಾಮ ಎಂದರ್ಥ. ಗುಲಾಮರಾಗಿ ತಂದ ಹುಡುಗರನ್ನು ಯೋಧರನ್ನಾಗಿ ಬೆಳೆಸುತ್ತಿದ್ದರು. ಅದೇ ಯೋಧರು ಮುಂದೆ ದೇಶವನ್ನೇ ಆಳಿದರು. ಮೆಣಸಿನ ಸುಂಕ ಕೈತಪ್ಪುತ್ತಿದ್ದ ಈ ಸುಲ್ತಾನನಿಗೆ ವೆನಿಸ್ ದೂತರನ್ನು ಕಳಿಸಿ, ಏನಾದರೂ ಮಾಡಿ ಎಂದು ಒತ್ತಾಯಿಸಿತು. ಕಲ್ಲಿಕೋಟೆಯ ಜಾಮೋರಿನ್ ದೊರೆಯೂ ನೆರವು ಬೇಡಿದ. ಸುಲ್ತಾನ ಹಡಗುಪಡೆ ಕಟ್ಟಿಸಲು ಹೊರಟ.

ಕಟ್ಟಿಸುವುದು ಸುಲಭವಿರಲಿಲ್ಲ. ಕೆಂಪು ಸಮುದ್ರದ ದಡದಲ್ಲಿ ಹಡಗಿಗೆ ಆಗುವ ಮರವೇ ಇಲ್ಲ. ಸೂಯೆಜ್ ಕಾಲುವೆ ತೆರೆದದ್ದು 1869ರಲ್ಲಿ, ಆದ್ದರಿಂದ ಮೆಡಿಟರೇನಿಯನ್ ಸಮುದ್ರದ ಹಡಗನ್ನು ಇತ್ತ ತರಲೂ ದಾರಿಯಿಲ್ಲ. ಮರವನ್ನು ಹೊರನಾಡಿನಿಂದ ತರಿಸಿ, ಮರುಭೂಮಿ ದಾಟಿಸಿ, ಸೂಯೆಜ್‌ನಲ್ಲಿ ಜೋಡಿಸಬೇಕಾಯಿತು. ಈ ಪಡೆಯ ನಾಯಕ ಅಮೀರ್ ಹುಸೇನ್. 1505ರಲ್ಲಿ ಹೊರಟು, ನಡುವೆ ಜಿದ್ದಾದಲ್ಲಿ ನಿಂತು ಆ ಊರಿಗೆ ಕೋಟೆ ಕಟ್ಟಿಸಿ, ಅವನು ದಿಯು ತಲುಪಿದ್ದು 1507ರಲ್ಲಿ.

ದಿಯುವಿನಲ್ಲಿ ಅವನನ್ನು ಬರಮಾಡಿಕೊಂಡವನೇ ನನ್ನ ಮಟ್ಟಿಗೆ ಈ ಕಥೆಯ ನಿಜವಾದ ಪಾತ್ರ. ಹೆಸರು ಮಲಿಕ್ ಅಯಾಜ್. ಗುಲಾಮನಾಗಿ ಬಂದು, ಗುಜರಾತಿನ ಸುಲ್ತಾನ ಮಹಮೂದ್ ಬೇಗಡನ ಮೆಚ್ಚುಗೆ ಗಳಿಸಿ, ದಿಯುವಿನ ಅಧಿಕಾರಿಯಾದವನು. ಆ ಬಂದರನ್ನು ಬಂದರಾಗಿ ಬೆಳೆಸಿದವನು. ಅವನ ಕಷ್ಟವನ್ನು ನೋಡಿ. ಪೋರ್ಚುಗೀಸರು ಗೆದ್ದರೆ ಅವನ ವರ್ತಕರಿಗೆ ಚೀಟಿಯ ಕಾಟ. ಹುಸೇನನ ಪಡೆ ಗೆದ್ದರೆ ಅವರು ದಿಯುವಿನಲ್ಲೇ ಬೇರೂರಬಹುದು. ಅಳಿಯನೂ ಬೇಡ, ಮನೆಗೆ ಬಂದ ನೆಂಟನೂ ಬೇಡ ಎನ್ನುವಂಥ ಸ್ಥಿತಿ. ಅವನು ಎರಡೂ ಕಡೆಗೆ ಬಾಗಿಲು ಅರ್ಧ ತೆರೆದೇ ಇಟ್ಟ.

ಕಿಡಿ ಹೊತ್ತಿದ್ದು 1508ರ ಮಾರ್ಚ್‌ನಲ್ಲಿ, ಇಂದಿನ ಮುಂಬೈಯ ದಕ್ಷಿಣಕ್ಕಿರುವ ಚೌಲ್ ಬಂದರಿನಲ್ಲಿ. ಅಲ್ಮೇಡಾನ ಮಗ ಲೊರೆನ್ಸೊ ಅಲ್ಲಿ ಹಡಗುಗಳೊಂದಿಗೆ ನಿಂತಿದ್ದ. ಹುಸೇನ್ ಮತ್ತು ಅಯಾಜರ ಪಡೆಗಳು ಮೇಲೆ ಬಿದ್ದವು. ಹಿಂದೆ ಸರಿಯುವಾಗ ಲೊರೆನ್ಸೊನ ಹಡಗು ಮೀನುಗಾರರು ನೆಟ್ಟಿದ್ದ ಗೂಟಗಳಿಗೆ ಸಿಕ್ಕಿಕೊಂಡಿತು. ದೊಡ್ಡ ದೊಡ್ಡ ಫಿರಂಗಿಗಳು ಮಾಡಲಾಗದ್ದನ್ನು ಬಲೆ ಕಟ್ಟುವ ಗೂಟಗಳು ಮಾಡಿದವು. ಲೊರೆನ್ಸೊ ಸತ್ತ. ಬದುಕುಳಿದ ಪೋರ್ಚುಗೀಸರನ್ನು ಅಯಾಜ್ ಸೆರೆಹಿಡಿದ, ಆದರೆ ಹುಸೇನನ ಕೈಗೆ ಕೊಡಲಿಲ್ಲ, ಚೆನ್ನಾಗಿ ನೋಡಿಕೊಂಡ. ಮುಂದೊಂದು ದಿನ ಬೇಕಾಗಬಹುದೆಂಬ ಲೆಕ್ಕ. ಮಗನ ಸುದ್ದಿ ಕೇಳಿದ ಅಲ್ಮೇಡಾ, ಮರಿಯನ್ನು ತಿಂದವರು ಹುಂಜವನ್ನೂ ತಿನ್ನಬೇಕಾದೀತು ಎಂಬರ್ಥದ ಮಾತಾಡಿದನೆಂದು ಪ್ರತೀತಿ.

ಅದೇ ವರ್ಷದ ಡಿಸೆಂಬರ್‌ನಲ್ಲಿ ಅವನ ಸ್ಥಾನಕ್ಕೆ ಇನ್ನೊಬ್ಬ ಪೋರ್ಚುಗೀಸ್ ನಾಯಕ ಅಲ್ಬುಕರ್ಕ್ ರಾಜಾಜ್ಞೆಯೊಂದಿಗೆ ಬಂದ. ಮಗನ ಸೇಡು ತೀರುವವರೆಗೆ ಅಧಿಕಾರ ಬಿಡುವುದಿಲ್ಲವೆಂದು ಅಲ್ಮೇಡಾ ಹಟ ಹಿಡಿದ. ನೌಕಾಪಡೆಯನ್ನು ಉತ್ತರಕ್ಕೆ ನಡೆಸಿದ. ನೀವು ಅಟ್ಲಾಸಿನಲ್ಲಿ ಬೆರಳಿಟ್ಟರೆ ಆ ದಾರಿ ನಮ್ಮ ಉತ್ತರ ಕನ್ನಡದ ಕರಾವಳಿಯನ್ನು ಸವರಿಕೊಂಡೇ ಹೋಗುತ್ತದೆ. ವಿಜಯನಗರಕ್ಕೆ ಕುದುರೆಗಳು ಬಂದಿಳಿಯುತ್ತಿದ್ದ ಭಟ್ಕಳದಲ್ಲಿ ಹಡಗುಗಳು ನಿಂತವು. ಮುಂದೆ ಹೊನ್ನಾವರ. 1505ರಲ್ಲಿ ಇದೇ ಅಲ್ಮೇಡಾ ಹೊನ್ನಾವರದಲ್ಲಿ ನಿಂತಿದ್ದ ಹಡಗುಗಳಿಗೆ ಬೆಂಕಿ ಇಟ್ಟಿದ್ದ. ಈಗ ಅಲ್ಲಿಯ ಕಡಲ ನಾಯಕ, ಪೋರ್ಚುಗೀಸರು ತಿಮೋಜಾ ಎಂದು ಬರೆದುಕೊಂಡ ತಿಮ್ಮಯ್ಯ, ವೈರಿಗಳ ಚಲನವಲನ ತಿಳಿಸುವ ಮಿತ್ರನಾಗಿದ್ದ. ಕಾರವಾರದ ಎದುರಿಗಿರುವ ಅಂಜದೀವ ದ್ವೀಪದಲ್ಲಿ ಹಡಗುಗಳು ಕುಡಿಯುವ ನೀರು ತುಂಬಿಕೊಂಡವು. ದಿಯುವಿನ ದಾರಿಯಲ್ಲಿ ಅವರು ಕುಡಿದದ್ದು ನಮ್ಮ ಕರಾವಳಿಯ ನೀರು.

ಅನಂತರ ದಾಭೋಳ. ಬಿಜಾಪುರದ ಆದಿಲಶಾಹಿಗೆ ಸೇರಿದ ಈ ಕೊಂಕಣ ಬಂದರನ್ನು 1508ರ ಡಿಸೆಂಬರ್ ಕೊನೆಯಲ್ಲಿ ಅಲ್ಮೇಡಾನ ಸೈನಿಕರು ಸುಟ್ಟರು. ಹೆಂಗಸರು, ಮಕ್ಕಳು ಎಂದು ನೋಡದೆ ಕೊಂದರು. ಕಾಳಗದ ಜಾಣತನವನ್ನು ವಿವರಿಸುವ ಉತ್ಸಾಹದಲ್ಲಿ ಅನೇಕ ಪುಸ್ತಕಗಳು ಇದನ್ನು ಒಂದು ಸಾಲಿನಲ್ಲಿ ದಾಟಿಬಿಡುತ್ತವೆ. ನೀವು ದಾಟಬೇಡಿ.

ಇನ್ನು ಹಡಗುಗಳು. ಈ ಭಾಗ ನನಗೆ ಅಚ್ಚುಮೆಚ್ಚು, ಸ್ವಲ್ಪ ಉದ್ದವಾದರೆ ಸಹಿಸಿಕೊಳ್ಳಿ.

ಅರಬ್ಬೀ ಸಮುದ್ರದ ಬಹುಪಾಲು ವ್ಯಾಪಾರದ ಹಡಗುಗಳು ಹೊಲಿದ ಹಡಗುಗಳು. ಹಲಗೆಗೆ ತೂತು ಕೊರೆದು, ತೆಂಗಿನ ನಾರಿನ ಹುರಿಯಿಂದ ಒಂದಕ್ಕೊಂದು ಬಿಗಿಯುತ್ತಿದ್ದರು. ಇದನ್ನು ಹಿಂದುಳಿದ ಕೆಲಸ ಎಂದುಕೊಳ್ಳಬೇಡಿ. ಹೊಲಿದ ಹಡಗಿನ ಮೈ ಬಳುಕುತ್ತದೆ, ಅಲೆಯ ಹೊಡೆತಕ್ಕೆ, ದಡದ ಮರಳಿಗೆ ತಗುಲಿದರೂ ಒಡೆಯುವುದಿಲ್ಲ, ರಿಪೇರಿಯೂ ಸುಲಭ. ವ್ಯಾಪಾರಕ್ಕೆ ಹೇಳಿ ಮಾಡಿಸಿದ ಹಡಗು. ಆದರೆ ಒಂದೇ ತೊಡಕು. ಭಾರದ ಫಿರಂಗಿಯನ್ನು ಅದರ ಮೇಲಿಟ್ಟು ಹಾರಿಸಿದರೆ ಹಿಂದಕ್ಕೆ ಒದೆಯುವ ಪೆಟ್ಟನ್ನು ಹೊಲಿಗೆ ತಾಳುವುದಿಲ್ಲ.

ಹುಸೇನನ ಹಡಗುಗಳಲ್ಲಿ ಮುಖ್ಯವಾದವು ಗ್ಯಾಲಿಗಳು. ಗ್ಯಾಲಿ ಎಂದರೆ ಉದ್ದನೆಯ, ತಗ್ಗಾದ, ಹುಟ್ಟು ಹಾಕಿ ನಡೆಸುವ ಯುದ್ಧದೋಣಿ. ಗಾಳಿ ಇಲ್ಲದಾಗಲೂ ಓಡುತ್ತದೆ, ಬೇಕಾದತ್ತ ತಿರುಗುತ್ತದೆ. ಶಾಂತವಾದ ಮೆಡಿಟರೇನಿಯನ್ನಿಗೆ ಒಳ್ಳೆಯದು. ಆದರೆ ಎರಡೂ ಪಕ್ಕಗಳಲ್ಲಿ ಹುಟ್ಟು ಹಾಕುವವರು ಸಾಲಾಗಿ ಕುಳಿತಿರುತ್ತಾರೆ. ಫಿರಂಗಿ ಇಡಲು ಜಾಗ ಉಳಿಯುವುದು ಮೂತಿಯಲ್ಲಿ ಮಾತ್ರ.

ಪೋರ್ಚುಗೀಸರ ದೊಡ್ಡ ಹಡಗಿನ ಹೆಸರು ನಾವ್. ನಮ್ಮ ನಾವೆಗೂ ಅದಕ್ಕೂ ಬಹಳ ಹಿಂದಿನ ನೆಂಟು. ಸಂಸ್ಕೃತದ ನೌ, ಲ್ಯಾಟಿನ್ನಿನ ನಾವಿಸ್ ಒಂದೇ ಬೇರಿನ ಪದಗಳು. ಅಟ್ಲಾಂಟಿಕ್ ಸಾಗರದ ಅಲೆಗೆಂದು ಕಟ್ಟಿದ, ಕಬ್ಬಿಣದ ಮೊಳೆ ಹೊಡೆದ, ಎತ್ತರದ ಗೋಡೆಯಂಥ ಹಡಗು. ಹಾಯಿಯಿಂದ ನಡೆಯುವುದರಿಂದ ಪಕ್ಕಗಳು ಖಾಲಿ. ಆ ಪಕ್ಕಗಳ ಉದ್ದಕ್ಕೂ ಫಿರಂಗಿಗಳು. ಇದಕ್ಕಿಂತ ಚಿಕ್ಕದು, ಚುರುಕಾದದ್ದು ಕ್ಯಾರವೆಲ್. ಗ್ಯಾಲಿಯ ಸೈನಿಕ ನಾವ್ ಹತ್ತಬೇಕಾದರೆ ಮಹಡಿಮನೆಯ ಗೋಡೆ ಹತ್ತಿದಂತೆ. ನಾವ್‌ನಲ್ಲಿ ಇರುವವನು ಕೆಳಗೆ ನೋಡಿ ಗುಂಡು ಹಾರಿಸಿದರಾಯಿತು.

ಇಲ್ಲಿ ಒಂದು ಮಾತು ನೆನಪಾಗುತ್ತದೆ. ಕನ್ನಡದಲ್ಲಿ ನಾವು ತೋಪಿಗೆ ಫಿರಂಗಿ ಎನ್ನುತ್ತೇವಲ್ಲ, ಆ ಪದದ ಮೂಲ ಅರ್ಥ ಯುರೋಪಿನವನು ಎಂದು. ಫ್ರಾಂಕ್ ಎಂಬ ಜನಾಂಗದ ಹೆಸರು ಅರಬ್ಬೀ, ಪಾರಸಿಯ ಬಾಯಲ್ಲಿ ಫರಂಗಿಯಾಗಿ ನಮ್ಮಲ್ಲಿಗೆ ಬಂತು. ಮನುಷ್ಯನ ಹೆಸರೇ ಅವನು ತಂದ ಆಯುಧಕ್ಕೆ ನಿಂತಿತು. ಅವರ ಕಾಲದಲ್ಲಿ ಬಂದ ಹಣ್ಣು ಪರಂಗಿ ಹಣ್ಣಾಯಿತು. ಹಣ್ಣು ನೆನಪಿದೆ, ಹೆಸರಿನ ಕಥೆ ಮರೆತಿದೆ.

ಈಗ ಫೆಬ್ರವರಿ 2, 1509. ಅಲ್ಮೇಡಾನ 18 ಹಡಗುಗಳು ದಿಯುವಿನ ಮುಂದೆ ಕಾಣಿಸಿಕೊಂಡವು. ಅವುಗಳಲ್ಲಿ ಸುಮಾರು 1,500 ಪೋರ್ಚುಗೀಸ್ ಸೈನಿಕರು, ಜೊತೆಗೆ ಕೊಚ್ಚಿಯ ಕಡೆಯ ಸುಮಾರು 400 ಮಂದಿ ನಾಯರ್ ಯೋಧರು. ಎದುರಿಗೆ ಹುಸೇನನ ಗ್ಯಾಲಿಗಳು, ಗುಜರಾತಿನ ಕೆಲವು ದೊಡ್ಡ ಹಡಗುಗಳು, ಕಲ್ಲಿಕೋಟೆಯಿಂದ ಬಂದ ಹುಟ್ಟಿನ ದೋಣಿಗಳ ಹಿಂಡು. ಆ ದೋಣಿಗಳನ್ನು ಒಬ್ಬರು 70 ಎಂದರೆ ಇನ್ನೊಬ್ಬರು 150 ಎನ್ನುತ್ತಾರೆ. ಲೆಕ್ಕದಲ್ಲಿ ಯಾವ ಕಡೆ ಹೆಚ್ಚು ಎಂದು ನೋಡಿದರೆ ಉತ್ತರ ತಪ್ಪುತ್ತದೆ. ಫಿರಂಗಿ ಹೊರಬಲ್ಲ ಹಡಗು ಯಾರಲ್ಲಿ ಹೆಚ್ಚು ಎಂದು ನೋಡಿ.

ಹುಸೇನ್ ಬಯಲು ಕಡಲಿನಲ್ಲಿ ಎದುರಿಸದೆ ಬಂದರಿನ ಒಳಗೇ ನಿಲ್ಲಲು ತೀರ್ಮಾನಿಸಿದ. ದಡದ ಫಿರಂಗಿಗಳು ಬೆನ್ನಿಗಿವೆ. ವೈರಿ ಒಳಗೆ ಬಂದಾಗ ಕಲ್ಲಿಕೋಟೆಯ ದೋಣಿಗಳು ಹಿಂದಿನಿಂದ ಮುತ್ತಲಿ ಎಂಬ ಯೋಚನೆ. ಕೇಳಲು ಸರಿಯಾಗಿಯೇ ಇದೆ. ಆದರೆ ನಿಂತ ಗ್ಯಾಲಿ ಎಂದರೆ ಕಾಲು ಕಟ್ಟಿದ ಕುದುರೆ. ತಿರುಗುವ, ಓಡುವ ಶಕ್ತಿಯೇ ಅದರ ಬಲ. ಆ ಬಲವನ್ನು ಅವನು ತಾನಾಗಿಯೇ ಬಿಟ್ಟುಕೊಟ್ಟ.

ಮರುದಿನ ಬೆಳಗ್ಗೆ ಪೋರ್ಚುಗೀಸರು ಗಾಳಿಗೂ ಭರತಕ್ಕೂ ಕಾದರು. ಭರತ ಎಂದರೆ ಕಡಲು ಏರುವ ಹೊತ್ತು. ತುಂಬಿದ ನೀರಿಲ್ಲದೆ ಭಾರದ ನಾವ್‌ಗಳು ಆ ಕಾಲುವೆಗೆ ನುಗ್ಗುವಂತಿರಲಿಲ್ಲ. ಹೊತ್ತು ಏರಿದ ಮೇಲೆ ಗಾಳಿ ಬಂತು, ಹಡಗುಗಳು ಸಾಲಾಗಿ ಒಳಹೊಕ್ಕವು. ಮುಂದಾಳು ಹಡಗು ಸಾಂತೊ ಎಸ್ಪಿರಿತೊ, ಅದರ ಕಪ್ತಾನ ನೂನೊ ವಾಜ್ ಪೆರೇರಾ. ಅದು ನೇರವಾಗಿ ಹುಸೇನನ ಹಡಗಿನತ್ತ ಸಾಗಿತು. ಹತ್ತಿರ ಹೋಗಿ ಕೊಕ್ಕೆ ಎಸೆದು, ಹಡಗಿಗೆ ಹಡಗು ಬಿಗಿದು, ಹಾರಿ ಹೋಗಿ ಕೈಕೈ ಮಿಲಾಯಿಸುವುದು ಅಂದಿನ ಕ್ರಮ. ಪೆರೇರಾ ಆ ಕಾಳಗದಲ್ಲೇ ಗಾಯಗೊಂಡು ಸತ್ತ. ಆದರೆ ಹಿಂದೆ ಬಂದ ಹಡಗುಗಳು ಒಂದೊಂದಾಗಿ ತಮ್ಮ ತಮ್ಮ ಬೇಟೆ ಹಿಡಿದವು.

ಅಲ್ಮೇಡಾ ಇದ್ದ ಹಡಗು ಫ್ಲೋರ್ ದೊ ಮಾರ್, ಅಂದರೆ ಕಡಲ ಹೂವು. ಅದು ಈ ಹಿಡಿದಾಟಕ್ಕೆ ಇಳಿಯಲೇ ಇಲ್ಲ. ಕಾಲುವೆಯ ಬಾಯಲ್ಲಿ ಅಡ್ಡ ನಿಂತು ಪಕ್ಕದ ಫಿರಂಗಿಗಳನ್ನು ಹಾರಿಸುತ್ತಲೇ ಇತ್ತು. ಹಿಂದಿನಿಂದ ಮುತ್ತಬೇಕಿದ್ದ ಕಲ್ಲಿಕೋಟೆಯ ದೋಣಿಗಳು ಅದನ್ನು ದಾಟಬೇಕಿತ್ತು. ಕೆರೆಯಲ್ಲಿ ಮಕ್ಕಳು ಚಪ್ಪಟೆ ಕಲ್ಲೆಸೆದು ಕಪ್ಪೆ ಹಾರಿಸುವುದನ್ನು ನೀವು ನೋಡಿದ್ದೀರಿ. ಗುಂಡುಗಳು ಹಾಗೆ ನೀರ ಮೇಲೆ ಪುಟಿಯುತ್ತಾ ಹೋಗಿ, ದಟ್ಟವಾಗಿ ಸೇರಿದ್ದ ತಗ್ಗು ದೋಣಿಗಳನ್ನು ಸೀಳಿದವು. ಹುಸೇನನ ಯೋಜನೆಯ ಎರಡನೆಯ ಅರ್ಧ ಅಲ್ಲಿಗೆ ಮುಗಿಯಿತು. ಸಂಜೆಯ ಹೊತ್ತಿಗೆ ಅವನ ಹಡಗುಗಳು ಮುಳುಗಿದ್ದವು ಅಥವಾ ಕೈಸೆರೆಯಾಗಿದ್ದವು. ಅವನು ಹೇಗೋ ದಡ ಸೇರಿ ಪಾರಾದ. ಪೋರ್ಚುಗೀಸರ ಲೆಕ್ಕದಂತೆ ಅವರಲ್ಲಿ ಸತ್ತವರು 32, ಗಾಯಗೊಂಡವರು ಸುಮಾರು 300.

ಮಲಿಕ್ ಅಯಾಜ್ ಎಲ್ಲಿದ್ದ? ದಡದಲ್ಲಿ. ತನ್ನ ಬಂದರಿನ ಮುಂದೆ ನಡೆದ ಕಾಳಗಕ್ಕೆ ತಾನು ಇಳಿಯಲಿಲ್ಲ. ಮುಗಿದ ಮೇಲೆ, ಚೌಲ್‌ನಿಂದ ಜೋಪಾನವಾಗಿ ಇಟ್ಟುಕೊಂಡಿದ್ದ ಪೋರ್ಚುಗೀಸ್ ಸೆರೆಯಾಳುಗಳನ್ನು ಒಳ್ಳೆಯ ಬಟ್ಟೆ ತೊಡಿಸಿ ಹಿಂದಿರುಗಿಸಿದ. ಜೊತೆಗೆ 3,00,000 ಶೆರಾಫಿಮ್ ಕಪ್ಪ. ಶೆರಾಫಿಮ್ ಎಂದರೆ ನಮ್ಮವರು ಅಶ್ರಫಿ ಎನ್ನುವ ಚಿನ್ನದ ನಾಣ್ಯದ ಹೆಸರೇ ಅವರ ನಾಲಗೆಯಲ್ಲಿ ತಿರುಚಿದ್ದು. ಅಲ್ಮೇಡಾ ಮಾತ್ರ ತನ್ನ ಕೈಗೆ ಸಿಕ್ಕ ಮಮ್ಲೂಕ್ ಸೆರೆಯಾಳುಗಳನ್ನು ಆ ರೀತಿ ನಡೆಸಿಕೊಳ್ಳಲಿಲ್ಲ. ಹಲವರನ್ನು ಸುಟ್ಟ, ಕೆಲವರನ್ನು ಫಿರಂಗಿಯ ಬಾಯಿಗೆ ಕಟ್ಟಿ ಹಾರಿಸಿದ. ಸುಲ್ತಾನನ ಧ್ವಜಗಳನ್ನು ಪೋರ್ಚುಗಲ್ಲಿಗೆ, ತೊಮಾರ್ ಊರಿನ ಮಠಕ್ಕೆ ಕಳಿಸಿದ.

ಈಗ ನಿಮ್ಮ ಒಂದು ಅಂಕದ ಪ್ರಶ್ನೆಗೆ ಹಿಂದಿರುಗಬಹುದು. ಗೆದ್ದ ಅಲ್ಮೇಡಾ ದಿಯುವಿನಲ್ಲಿ ಕೋಟೆ ಕಟ್ಟಲಿಲ್ಲ. ಬಂದರನ್ನು ಅಯಾಜನ ಕೈಯಲ್ಲೇ ಬಿಟ್ಟ. ಕೋಟೆ ಕಟ್ಟಿದರೆ ಅದನ್ನು ಕಾಯಲು ಜನ ಬೇಕು, ಜನಕ್ಕೆ ಸಂಬಳ ಬೇಕು. ಅದರ ಬದಲು ಕಡಲಿನಲ್ಲಿ ಬಲವಿದ್ದರೆ ದಡ ತಾನಾಗಿ ಬಗ್ಗುತ್ತದೆ, ಕಡಲಿನ ಬಲ ಹೋದ ದಿನ ದಡದ ಕೋಟೆಯೂ ಉಳಿಸದು ಎಂಬುದು ಅವನ ವಾದ. ಇದೇ ನೀಲಿ ನೀರಿನ ನೀತಿ. ಬಂದರಿಗಾಗಿ ನಡೆದ ಕಾಳಗದಲ್ಲಿ ಗೆದ್ದವನು ಬಂದರನ್ನೇ ಬೇಡವೆಂದ. ಬಂದರಿಗೆ ಹೋಗುವ ದಾರಿ ಅವನಿಗೆ ಸಾಕಾಗಿತ್ತು. ಅವನ ನಂತರ ಬಂದ ಅಲ್ಬುಕರ್ಕ್ ಇದನ್ನು ಒಪ್ಪಲಿಲ್ಲ. 1510ರಲ್ಲಿ ಅದೇ ಹೊನ್ನಾವರದ ತಿಮ್ಮಯ್ಯನ ಸಲಹೆಯಂತೆ ಗೋವಾಕ್ಕೆ ನುಗ್ಗಿ, ನೆಲ ಹಿಡಿಯುವ ನೀತಿ ಆರಂಭಿಸಿದ. ಆ ಕಥೆ ಇನ್ನೊಂದು ದಿನಕ್ಕೆ. ಅಲ್ಮೇಡಾ ಅದನ್ನು ನೋಡಲು ಉಳಿಯಲಿಲ್ಲ. ಊರಿಗೆ ಮರಳುವ ದಾರಿಯಲ್ಲಿ, 1510ರ ಮಾರ್ಚ್ 1ರಂದು, ಆಫ್ರಿಕಾದ ದಕ್ಷಿಣ ತುದಿಯ ಬಳಿ ನೀರಿಗೆಂದು ದಡಕ್ಕೆ ಇಳಿದಿದ್ದಾಗ, ಅಲ್ಲಿಯ ಖೋಯ್ ಜನರೊಂದಿಗೆ ನಡೆದ ಜಗಳದಲ್ಲಿ ಸತ್ತ. ಆ ಜನರ ಬಳಿ ಒಂದು ಫಿರಂಗಿಯೂ ಇರಲಿಲ್ಲ.

ಮಲಿಕ್ ಅಯಾಜ್ ಬದುಕಿರುವವರೆಗೂ ದಿಯು ಪೋರ್ಚುಗೀಸರ ಕೈಸೇರಲಿಲ್ಲ. ಅವರಿಗೆ ಅಲ್ಲಿ ಕೋಟೆ ಕಟ್ಟಲು ಅನುಮತಿ ಸಿಕ್ಕಿದ್ದು ಕಾಳಗ ಗೆದ್ದ 26 ವರ್ಷಗಳ ಮೇಲೆ, 1535ರಲ್ಲಿ. ಅದೂ ಯುದ್ಧದಿಂದಲ್ಲ, ಮೊಘಲ್ ದೊರೆ ಹುಮಾಯೂನನ ಭಯದಲ್ಲಿದ್ದ ಗುಜರಾತಿನ ಬಹಾದುರ್ ಷಾನ ಒಪ್ಪಂದದಿಂದ. ಸಿಕ್ಕ ಮೇಲೆ ಅವರು ಬಿಟ್ಟದ್ದು 1961ರ ಡಿಸೆಂಬರ್ 19ರಂದು.